ಹೊಸ ಲೇಸರ್ ಹಾಕಿದರೆ ಸಾಲದು, ಸಾಲಿಗೆ ಕೂರಿಸಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಮನೆಯಲ್ಲಿರೋ ಯಂತ್ರಗಳು ಒಳಗೊಳಗೆ ಹೇಗೆ ಕೆಲಸ ಮಾಡ್ತವೆ, ಕೆಟ್ಟಾಗ ಏನು ಮಾಡಬಹುದು ಅಂತ ಮಾತಾಡೋ ಈ ಸರಣಿಗೆ ಸ್ವಾಗತ. ಇವತ್ತಿನ ವಿಷಯ ಸಿ.ಡಿ ಪ್ಲೇಯರ್. ಅದರಲ್ಲೂ ಒಂದೇ ಒಂದು ಪ್ರಶ್ನೆ: ಲೇಸರ್ ಹೋಗಿದೆ ಅಂತ ಹೊಸದು ಹಾಕಿಸಿದ ಮೇಲೂ ಹಾಡು ಯಾಕೆ ಎಗರತ್ತೆ?

ಈ ಪ್ರಶ್ನೆ ಕೇಳೋರು ಕಮ್ಮಿ ಏನಿಲ್ಲ. 1982ರ ಅಕ್ಟೋಬರ್‌ನಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಸಿಡಿಪಿ-101 ಅನ್ನೋ ಪ್ಲೇಯರನ್ನು ಮಾರುಕಟ್ಟೆಗೆ ತಂತು. ಅಲ್ಲಿಂದ ಇಲ್ಲಿಗೆ 40 ವರ್ಷ ದಾಟಿದೆ. ತೊಂಬತ್ತರ ದಶಕದಲ್ಲಿ ಆಸೆಪಟ್ಟು ಕೊಂಡ ಪ್ಲೇಯರ್‌ಗಳು ಈಗಲೂ ಎಷ್ಟೋ ಮನೆಗಳ ಶೋಕೇಸ್‌ನಲ್ಲಿ ಕೂತಿವೆ. ಹೊರಗಿಂದ ಹೊಸದರ ಹಾಗೇ ಇರ್ತವೆ. ಸಿ.ಡಿ ಹಾಕಿದರೆ ಒಂದಿಷ್ಟು ಹೊತ್ತು ಗಿರಗಿರ ತಿರುಗಿ ‘ನೋ ಡಿಸ್ಕ್’ ಅನ್ನತ್ತೆ. ಅಂಗಡಿಗೆ ತಗೊಂಡು ಹೋದರೆ "ಲೆನ್ಸ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಅಂತಾರೆ. ನಮ್ಮ ರಿಪೇರಿ ಅಂಗಡಿಗಳಲ್ಲಿ ಲೆನ್ಸ್ ಅಂದರೆ ಬರೀ ಗಾಜಲ್ಲ; ಲೇಸರ್, ಮಸೂರ, ಬೆಳಕು ಗುರುತಿಸೋ ಭಾಗ, ಎಲ್ಲಾ ಸೇರಿರೋ ಇಡೀ ಪಿಕಪ್. ಅದನ್ನ ಬದಲಾಯಿಸ್ತಾರೆ. ಎರಡು ದಿನ ಚೆನ್ನಾಗಿ ನಡೆದು ಮತ್ತೆ ಎಗರೋಕೆ ಶುರು. ಆಗ ಬರೋ ತೀರ್ಪು, "ಬೋರ್ಡೇ ಹೋಗಿದೆ, ಬಿಸಾಕಿ."

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಂಥ ಯಂತ್ರಗಳನ್ನ ಬಿಚ್ಚಿ ಜೋಡಿಸ್ತಾ ಬಂದಿದೀನಿ. ನಾನು ಕಂಡ ಹಾಗೆ, ಬಿಸಾಕಿ ಅನ್ನಿಸಿಕೊಂಡ ಪ್ಲೇಯರ್‌ಗಳಲ್ಲಿ ತುಂಬಾ ಸಲ ಬೋರ್ಡಿಗೆ ಏನೂ ಆಗಿರಲ್ಲ. ಪಿಕಪ್ ಹಾಕಿರ್ತಾರೆ, ಅದನ್ನ ಹೊಂದಿಸಿರಲ್ಲ. ಹೊಂದಿಸೋದು ಅಂದ್ರೆ ಏನು ಅಂತ ಗೊತ್ತಾಗಬೇಕಾದರೆ, ಮೊದಲು ಆ ಬೆಳಕು ಏನನ್ನ ಓದ್ತಿದೆ ಅಂತ ನೋಡಬೇಕು.

ಕೂದಲೆಳೆಯಲ್ಲಿ ನಲವತ್ತು ಸಾಲು

ಸಿ.ಡಿಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರೊಳಗೆ ಒಂದೇ ಒಂದು ಸಾಲು, ಸುರುಳಿಯಾಗಿ, ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಹೋಗತ್ತೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರೋ ದೂರ 1.6 ಮೈಕ್ರಾನ್. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಂಡರೂ ಅದರಡಿ 40ಕ್ಕೂ ಹೆಚ್ಚು ಸಾಲು ಕೂರ್ತವೆ. 74 ನಿಮಿಷದ ಸಿ.ಡಿಯಲ್ಲಿರೋ ಈ ಸಾಲನ್ನ ಬಿಚ್ಚಿ ನೇರ ಮಾಡಿದರೆ 5 ಕಿಲೋಮೀಟರ್‌ಗೂ ಹೆಚ್ಚು ಉದ್ದ ಬರತ್ತೆ.

ಸಾಲಿನ ಉದ್ದಕ್ಕೂ ಚಿಕ್ಕ ಚಿಕ್ಕ ಗುಳಿಗಳಿವೆ. ಲೇಸರಿನ ಬೆಳಕು ಸಮತಟ್ಟಾದ ಜಾಗಕ್ಕೆ ಬಿದ್ದರೆ ಜೋರಾಗಿ ವಾಪಸ್ ಬರತ್ತೆ. ಗುಳಿಯ ಮೇಲೆ ಬಿದ್ದಾಗ ಗುಳಿಯೊಳಗಿಂದ ಬರೋ ಬೆಳಕಿನ ಅಲೆಯೂ ಅಕ್ಕಪಕ್ಕದಿಂದ ಬರೋ ಅಲೆಯೂ ಒಂದನ್ನೊಂದು ಕಡಿದುಕೊಂಡು, ವಾಪಸ್ ಬರೋ ಬೆಳಕು ಕುಗ್ಗತ್ತೆ. ಈ ಜೋರು-ಮೆಲ್ಲಗೆ ಅನ್ನೋ ಏರಿಳಿತವೇ ಮುಂದೆ ಹಾಡಾಗೋದು. ಗುಳಿಗಳಿಗೂ ನಡುವಿನ ಖಾಲಿ ಜಾಗಗಳಿಗೂ ಗೊತ್ತುಮಾಡಿದ ಒಂಬತ್ತು ಅಳತೆಯ ಉದ್ದಗಳಿವೆ, ಅಷ್ಟೇ. ಈ ಒಂಬತ್ತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗತ್ತೆ.

ಇಷ್ಟು ಸಣ್ಣ ಸಾಲಿನ ಮೇಲೆ ಸೆಕೆಂಡಿಗೆ 1.2ರಿಂದ 1.4 ಮೀಟರ್ ವೇಗದಲ್ಲಿ ಹೋಗಬೇಕು. ಅದಕ್ಕೇ ಒಳಗಿನ ಹಾಡು ಓದುವಾಗ ಸಿ.ಡಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗತ್ತೆ, ಅಂಚಿಗೆ ಬರೋ ಹೊತ್ತಿಗೆ ಸುಮಾರು 200 ಸುತ್ತಿಗೆ ಇಳಿಯತ್ತೆ. ತಿರುಗೋ ತಟ್ಟೆ ಒಂದೇ ಮಟ್ಟದಲ್ಲಿ ಇರಲ್ಲ. ಅರ್ಧ ಮಿಲಿಮೀಟರಿನ ತನಕ ಮೇಲೆ ಕೆಳಗೆ ತೂಗಾಡಬಹುದು. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಬೆಳಕಿನ ಚುಕ್ಕಿ ಚೂಪಾಗಿರೋದು ಹೆಚ್ಚು ಕಮ್ಮಿ ಒಂದೆರಡು ಮೈಕ್ರಾನ್ ಆಳದಲ್ಲಿ ಮಾತ್ರ. ಅಂದ್ರೆ ತಟ್ಟೆ ಎಷ್ಟು ಕುಣೀತೋ ಮಸೂರವೂ ಅಷ್ಟೇ ಕುಣೀಬೇಕು, ಅದೇ ಕ್ಷಣದಲ್ಲಿ. ಅದಕ್ಕಾಗಿ ಮಸೂರವನ್ನ ಬಿಗಿಯಾಗಿ ಕೂರಿಸದೆ, ಸಣ್ಣ ಸ್ಪ್ರಿಂಗ್ ತಂತಿಗಳ ಮೇಲೆ ತೇಲಿಸಿರ್ತಾರೆ. ಪಕ್ಕದಲ್ಲಿ ಸುರುಳಿ ತಂತಿ, ಆಯಸ್ಕಾಂತ. ಸ್ಪೀಕರಿನ ಕೋನ್ ಆಡತ್ತಲ್ಲ, ಅದೇ ತತ್ವ.

ಕಣ್ಣಿಲ್ಲದ ಯಂತ್ರಕ್ಕೆ ದಾರಿ ಹೇಗೆ ಗೊತ್ತಾಗತ್ತೆ?

ಎರಡು ವಿಷಯ ಗೊತ್ತಾಗಬೇಕು. ಚುಕ್ಕಿ ಚೂಪಾಗಿದೆಯಾ? ಸಾಲಿನ ಮೇಲೇ ಇದೆಯಾ?

ಮೊದಲನೆಯದಕ್ಕೆ ಫೋಕಸ್ ಅಂತಾರೆ. ವಾಪಸ್ ಬಂದ ಬೆಳಕು ನಾಲ್ಕು ತುಂಡಾಗಿ ಹಂಚಿರೋ ಒಂದು ಪುಟ್ಟ ಸೆನ್ಸರಿನ ಮೇಲೆ ಬೀಳತ್ತೆ. ರಂಗೋಲಿಯಲ್ಲಿ ಚೌಕ ಬರೆದು ಅದರೊಳಗೆ ಕೂಡಿಸೋ ಗುರುತು ಹಾಕಿದರೆ ನಾಲ್ಕು ಮನೆ ಆಗತ್ತಲ್ಲ, ಹಾಗೆ. ದಾರಿಯಲ್ಲಿ ಬೆಳಕು ಸಿಲಿಂಡರಿನ ಆಕಾರದ ಒಂದು ಮಸೂರ ದಾಟಿ ಬರತ್ತೆ. ಫೋಕಸ್ ಸರಿಯಿದ್ದರೆ ನಾಲ್ಕು ಮನೆಗಳ ಮೇಲೂ ದುಂಡಗೆ ಬೀಳತ್ತೆ. ಸಿ.ಡಿ ಹತ್ತಿರ ಬಂದರೆ ಒಂದು ಮೂಲೆಗೆ ಎಳೆದ ಮೊಟ್ಟೆಯಾಕಾರ, ದೂರ ಹೋದರೆ ಇನ್ನೊಂದು ಮೂಲೆಗೆ ಎಳೆದ ಮೊಟ್ಟೆಯಾಕಾರ. ಎದುರುಬದುರು ಮನೆಗಳನ್ನ ಕೂಡಿಸಿ, ಉಳಿದೆರಡು ಮನೆಗಳನ್ನ ಅದರಿಂದ ಕಳೆದರೆ ಮಸೂರ ಮೇಲೆ ಹೋಗಬೇಕೋ ಕೆಳಗೆ ಇಳೀಬೇಕೋ ಅಂತ ಉತ್ತರ ಸಿಗತ್ತೆ.

ಎರಡನೆಯದು ಟ್ರ್ಯಾಕಿಂಗ್. ಇದಕ್ಕೆ ಹೊಲದ ಉದಾಹರಣೆ ಚೆನ್ನಾಗಿ ಹೊಂದತ್ತೆ. ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆಯೋ ರೈತ ಎರಡೂ ಕಡೆಯ ಪೈರಿನ ಮೇಲೆ ಕಣ್ಣಿಟ್ಟಿರ್ತಾನೆ. ಎಡಗಡೆ ಎಲೆ ಜಾಸ್ತಿ ತಾಗಿದರೆ ಬಲಕ್ಕೆ ಒತ್ತಿ ಹಿಡೀತಾನೆ. ಎರಡೂ ಕಡೆ ಸಮ ಇದ್ದರೆ ಕುಂಟೆ ನಡುವೆ ಇದೆ ಅಂತ ಅರ್ಥ. ಬಹುತೇಕ ಜಪಾನಿ ಪಿಕಪ್‌ಗಳಲ್ಲಿ ಹೀಗೇ ಮಾಡ್ತಾರೆ. ಗ್ರೇಟಿಂಗ್ ಅನ್ನೋ ಸಣ್ಣ ಗೆರೆಗಳ ಗಾಜಿನಿಂದ ಲೇಸರಿನ ಬೆಳಕನ್ನ ಮೂರಾಗಿ ಒಡೀತಾರೆ. ನಡುವಿನದು ಹಾಡು ಓದತ್ತೆ, ಅಕ್ಕಪಕ್ಕದ ಎರಡು ಸಾಲಿನ ಎರಡು ಅಂಚನ್ನ ಸವರಿಕೊಂಡು ಹೋಗ್ತವೆ. ಅವೆರಡರ ಸೆನ್ಸರ್‌ಗಳಿಗೆ ಇ ಮತ್ತು ಎಫ್ ಅಂತ ಹೆಸರು. ಇಯಲ್ಲಿ ಬಂದ ಬೆಳಕು ಎಫ್‌ಗಿಂತ ಹೆಚ್ಚಾದರೆ ಮಸೂರ ಒಂದು ಕಡೆ ಸರಿಯತ್ತೆ, ಕಮ್ಮಿಯಾದರೆ ಇನ್ನೊಂದು ಕಡೆ. ಫಿಲಿಪ್ಸ್‌ನವರ ಹಳೇ ತೂಗುತೋಳಿನ ಪಿಕಪ್‌ಗಳಲ್ಲಿ ಒಂದೇ ಕಿರಣದಿಂದ ಈ ಕೆಲಸ ನಡೀತಿತ್ತು. ಅದರ ಲೆಕ್ಕ ಬೇರೆ, ಇವತ್ತು ಮೂರು ಕಿರಣದ್ದನ್ನೇ ಹಿಡಿದುಕೊಳ್ಳೋಣ.

ಈಗ ಗಮನಿಸಿ. ಯಂತ್ರ ನಂಬೋದು ಈ ಕೂಡಿ ಕಳೆದ ಲೆಕ್ಕವನ್ನ. ಇ ಸೆನ್ಸರ್ ಎಫ್‌ಗಿಂತ ಸ್ವಲ್ಪ ಚುರುಕಾಗಿದ್ದರೆ? ಸಾಲಿನ ನಡುವೆ ಇದ್ದರೂ ‘ಪಕ್ಕಕ್ಕೆ ಹೋಗಿದೀನಿ’ ಅಂತಲೇ ಯಂತ್ರ ತಿಳಿಯತ್ತೆ. ಒಂದು ಪಿಕಪ್ ಇದ್ದ ಹಾಗೆ ಇನ್ನೊಂದು ಇರಲ್ಲ. ಹಳೇ ಪಿಕಪ್‌ನ ಓರೆಕೋರೆಗೆ ತಕ್ಕ ಹಾಗೆ ಬೋರ್ಡನ್ನ ಕಾರ್ಖಾನೆಯಲ್ಲಿ ಹೊಂದಿಸಿರ್ತಾರೆ. ಹೊಸದು ಬಂದಾಗ ಆ ಹಳೇ ಲೆಕ್ಕ ತಪ್ಪತ್ತೆ. ಹೊಂದಿಸೋದು ಅಂದ್ರೆ ಇದೇ: ಈ ಪಿಕಪ್‌ನ ಸೊನ್ನೆ ಎಲ್ಲಿದೆ ಅಂತ ಈ ಬೋರ್ಡಿಗೆ ಹೇಳಿಕೊಡೋದು.

ಮೊದಲು ರೋಗ ಯಾವುದು ಅಂತ ನೋಡಿ

ಲೇಸರ್ ಬದಲಾಯಿಸೋ ಮುಂಚೆ ಮಾಡಬೇಕಾದ ಕೆಲಸಗಳಿವೆ. ಬೇರೆ ಎರಡು ಮೂರು ಒಳ್ಳೇ ಸಿ.ಡಿ ಹಾಕಿ ನೋಡಿ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ತೊಟ್ಟು ಹಾಕಿ ಮಸೂರವನ್ನ ಹಗುರವಾಗಿ ಒರೆಸಿ. ಥಿನ್ನರ್, ಅಸಿಟೋನ್ ಬೇಡವೇ ಬೇಡ, ತುಂಬಾ ಮಸೂರಗಳು ಪ್ಲಾಸ್ಟಿಕ್. ಪಿಕಪ್ ಓಡಾಡೋ ಕಂಬಿಯ ಗ್ರೀಸ್ ಒಣಗಿ ಅಂಟಾಗಿದೆಯಾ? ರಿಬ್ಬನ್ ಕೇಬಲ್ ಮಡಿಕೆ ಬಿದ್ದ ಜಾಗದಲ್ಲಿ ಬಿರುಕು ಬಿಟ್ಟಿದೆಯಾ? ತಟ್ಟೆ ತಿರುಗಿಸೋ ಮೋಟಾರ್ ಸವೆದಿದೆಯಾ? ಇವೆಲ್ಲವೂ ‘ಲೆನ್ಸ್ ಹೋಗಿದೆ’ ಅನ್ನೋ ವೇಷದಲ್ಲೇ ಬರ್ತವೆ.

ಲೇಸರಿನ ನಾಡಿ ಹಿಡಿಯೋಕೆ ಒಂದು ಒಳ್ಳೇ ದಾರಿ ಇದೆ, ಅದು ಹೀರೋ ಕರೆಂಟು ಅಳೆಯೋದು. ಲೇಸರ್ ಡಯೋಡಿನ ಪಕ್ಕದಲ್ಲೇ ಬೆಳಕನ್ನ ಕಾಯೋ ಇನ್ನೊಂದು ಡಯೋಡ್ ಇರತ್ತೆ. ಬೆಳಕು ಕಮ್ಮಿಯಾದರೆ ಸರ್ಕ್ಯೂಟ್ ತಾನಾಗಿಯೇ ಕರೆಂಟು ಏರಿಸತ್ತೆ. ಹಾಗಾಗಿ ಲೇಸರ್‌ಗೆ ವಯಸ್ಸಾಗ್ತಾ ಹೋದ ಹಾಗೆ ಅಷ್ಟೇ ಬೆಳಕಿಗೆ ಹೆಚ್ಚು ಹೆಚ್ಚು ಕರೆಂಟು ಬೇಕಾಗತ್ತೆ. ಸೋನಿಯ ಎಷ್ಟೋ ಪಿಕಪ್‌ಗಳ ಮೇಲೆ ಅಂಟಿಸಿರೋ ಚೀಟಿಯ ಕೊನೇ ಮೂರು ಅಂಕಿ, ಹೊಸದಿದ್ದಾಗ ಅದಕ್ಕೆ ಬೇಕಿದ್ದ ಕರೆಂಟು. 482 ಅಂತಿದ್ದರೆ 48.2 ಮಿಲಿಆಂಪಿಯರ್. ಲೇಸರ್ ಸರ್ಕ್ಯೂಟಿನಲ್ಲಿರೋ ರೆಸಿಸ್ಟರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆದು, ಓಮ್‌ನಿಂದ ಭಾಗಿಸಿದರೆ ಈಗಿನ ಕರೆಂಟು ಗೊತ್ತಾಗತ್ತೆ. ಯಾವ ರೆಸಿಸ್ಟರ್ ಅನ್ನೋದು ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಚೀಟಿಗಿಂತ ಶೇಕಡಾ 10ರ ಆಸುಪಾಸು ಏರಿಳಿತ ಪರವಾಗಿಲ್ಲ. ಅದಕ್ಕಿಂತ ತೀರಾ ಜಾಸ್ತಿ ಆಗಿದ್ದರೆ ಲೇಸರ್ ಮುದಿಯಾಗಿದೆ ಅಂತ ಅರ್ಥ.

ಇಲ್ಲೇ ಒಂದು ಮಾತು ಹೇಳಲೇಬೇಕು. ಪಿಕಪ್‌ನ ಮೇಲೆ ಪುಟ್ಟ ಪ್ರಿಸೆಟ್ ಒಂದು ಇರತ್ತೆ, ಸ್ಕ್ರೂಡ್ರೈವರಿನಲ್ಲಿ ತಿರುಗಿಸುವಂಥದ್ದು. ಅದು ಲೇಸರಿನ ಬೆಳಕು ಎಷ್ಟಿರಬೇಕು ಅಂತ ಗೊತ್ತುಮಾಡೋದು. ಅದನ್ನ ಸ್ವಲ್ಪ ತಿರುಗಿಸಿದರೆ ಸತ್ತ ಪ್ಲೇಯರ್ ಎದ್ದು ಕೂರತ್ತೆ. ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗ್ತಾನೆ. ಸೋತ ಎತ್ತಿಗೆ ಬಾರುಕೋಲಿನಿಂದ ಬಾರಿಸಿದ ಹಾಗೆ ಅದು. ನಾಲ್ಕು ಹೆಜ್ಜೆ ಜೋರಾಗಿ ಹಾಕತ್ತೆ, ಆಮೇಲೆ ಮಲಗಿಬಿಡತ್ತೆ. ಬೆಳಕು ಅಳೆಯೋ ಮೀಟರ್ ಇಲ್ಲದೆ ಆ ಪ್ರಿಸೆಟ್ ಮುಟ್ಟಬಾರದು, ಹೊಸ ಪಿಕಪ್‌ನಲ್ಲಂತೂ ಮುಟ್ಟಲೇಬಾರದು. ಕಾರ್ಖಾನೆಯವರು ಆ ಒಂದು ಡಯೋಡಿಗೆ ಅಂತಲೇ ಅಳೆದು ಇಟ್ಟಿರೋದು ಅದು.

ಎಂಟನೇ ಹಾಡಿಗೆ ಎಂಟು ಸಲ

ಒಂದು ನಿಜವಾದ ಕೆಲಸವನ್ನೇ ಇಟ್ಟುಕೊಂಡು ಮುಂದಕ್ಕೆ ಹೋಗೋಣ. ಹೋದ ವರ್ಷ ನನ್ನ ಹತ್ತಿರ ಒಂದು ಪ್ಲೇಯರ್ ಬಂತು. ತೊಂಬತ್ತರ ದಶಕದ ಮೊದಲ ಭಾಗದ್ದು, ಒಳಗೆ ಕೆಎಸ್‌ಎಸ್-240ಎ ಪಿಕಪ್. ಅದರ ಯಜಮಾನರು ಒಬ್ಬ ಸಂಗೀತ ಮೇಷ್ಟ್ರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೆಚ್ಚು ಕಮ್ಮಿ ಹೋಗಿದೆ. ಮೊಮ್ಮಗಳು ಅವರ ಕಚೇರಿಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾಳೆ. ಆದರೆ ಪರದೆ ನೋಡಿ ಆರಿಸೋ ಯಂತ್ರ ಅವರಿಗೆ ಒಗ್ಗಲ್ಲ. ಈ ಪ್ಲೇಯರಿನ ಗುಂಡಿಗಳು ಅವರ ಬೆರಳಿಗೆ ಗೊತ್ತು. "ನೋಡಪ್ಪಾ, ಎಂಟನೇ ಹಾಡು ಬೇಕಂದ್ರೆ ಎಂಟು ಸಲ ಒತ್ತೀನಿ. ಯಾರನ್ನೂ ಕರೆಯೋ ಹಂಗಿಲ್ಲ" ಅಂದರು. ಎರಡು ಕಡೆ ತೋರಿಸಿದ್ದರು. ಒಬ್ಬರು ಬಿಸಾಕಿ ಅಂದಿದ್ದರು. ಇನ್ನೊಬ್ಬರು ಸರಿಮಾಡಿಕೊಟ್ಟಿದ್ದರು, ಆರು ವಾರ ನಡೆದಿತ್ತು.

ಬಿಚ್ಚಿ ನೋಡಿದರೆ ಪಿಕಪ್‌ನ ಪ್ರಿಸೆಟ್ ಮೇಲೆ ಸ್ಕ್ರೂಡ್ರೈವರಿನ ಹೊಸ ಗೀರು. ಚೀಟಿಯ ಮೇಲೆ 482. ಆ ಬೋರ್ಡಿನ ರೆಸಿಸ್ಟರ್ 22 ಓಮ್, ಮೀಟರಿನಲ್ಲಿ ಬಂದಿದ್ದು 1.45 ವೋಲ್ಟ್. ಅಂದ್ರೆ ಸುಮಾರು 66 ಮಿಲಿಆಂಪಿಯರ್. ಇರಬೇಕಾದ್ದಕ್ಕಿಂತ ಸುಮಾರು ಶೇಕಡಾ 37 ಜಾಸ್ತಿ. ಆರು ವಾರದ ರಹಸ್ಯ ಅಲ್ಲೇ ಇತ್ತು. "ಮೇಷ್ಟ್ರೇ, ಲೇಸರ್ ಬದಲಾಯಿಸಬೇಕು, ಆದರೆ ಅಷ್ಟಕ್ಕೇ ಮುಗಿಯಲ್ಲ, ಒಂದು ದಿನ ಪೂರ್ತಿ ಬೇಕು" ಅಂತ ಹೇಳಿದೆ. "ಶ್ರುತಿ ಮಾಡದೆ ತಂಬೂರಿ ಕೊಡ್ತಾರೇನಪ್ಪಾ, ಮಾಡು" ಅಂದರು.

ಹಾಕೋವಾಗ

ಲೇಸರ್ ಡಯೋಡ್ ಸ್ಥಾಯೀ ವಿದ್ಯುತ್ತಿಗೆ ತುಂಬಾ ಬೇಗ ಸಾಯತ್ತೆ. ಶಿವರಾತ್ರಿ ಹೊತ್ತಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ಬಿಚ್ಚುವಾಗ ಚಟಚಟ ಅನ್ನತ್ತಲ್ಲ, ಅದಕ್ಕಿಂತ ಎಷ್ಟೋ ಕಮ್ಮಿ ಸಾಕು. ನಮಗೆ ಗೊತ್ತೇ ಆಗಲ್ಲ. ಅದಕ್ಕೇ ಹೊಸ ಪಿಕಪ್‌ನ ಬೋರ್ಡಿನಲ್ಲಿ ಎರಡು ತುದಿ ಸೇರಿಸಿ ಒಂದು ಹನಿ ಸೀಸದ ಬೆಸುಗೆ ಹಾಕಿ ಕಳಿಸಿರ್ತಾರೆ. ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ. ಮೊದಲು ರಿಬ್ಬನ್ ಕೇಬಲ್ ಸಿಕ್ಕಿಸಿ, ಆಮೇಲೆ ಅರ್ಥಿಂಗ್ ಇರೋ ಸಾಲ್ಡರಿಂಗ್ ಐರನ್‌ನಿಂದ ಆ ಹನಿ ತೆಗೀರಿ. ಇದು ತಲೆಕೆಳಗಾದರೆ ಹೊಸ ಲೇಸರ್ ಹಾಕೋ ಮುಂಚೆಯೇ ಹೋಗಬಹುದು. ಹನಿ ತೆಗೆಯೋದೇ ಮರೆತರೆ ಲೇಸರ್ ಹತ್ತಲ್ಲ. ಪಾರ್ಟ್ ಕೆಟ್ಟದ್ದು ಅಂತ ವಾಪಸ್ ಹೋಗಿರೋ ಎಷ್ಟೋ ಪಿಕಪ್‌ಗಳಿಗೆ ಆಗಿರೋದು ಇಷ್ಟೇ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಇಂಥ ಪಿಕಪ್ ಇನ್ನೂ ಸಿಗತ್ತೆ. ಮೂಲ ಕಂಪನಿಯದ್ದೂ ಇರತ್ತೆ, ಅದೇ ಹೆಸರಿನ ನಕಲೂ ಇರತ್ತೆ. ನಕಲೆಲ್ಲ ಕೆಟ್ಟದ್ದು ಅಂತಲ್ಲ, ಆದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ಹಾಗಾಗಿ ನಕಲು ಹಾಕಿದರೆ ಹೊಂದಿಸೋ ಕೆಲಸ ಇನ್ನೂ ಮುಖ್ಯ ಆಗತ್ತೆ.

ಇನ್ನು ಕಣ್ಣಿನ ವಿಷಯ. ಸಿ.ಡಿ ಲೇಸರಿನ ಅಲೆಯುದ್ದ 780 ನ್ಯಾನೊಮೀಟರ್, ನಮ್ಮ ಕಣ್ಣಿಗೆ ಕಾಣೋ ಅಂಚಿನ ಆಚೆಗಿನದು. ಮಂದವಾದ ಕೆಂಪು ಚುಕ್ಕಿ ಕಂಡರೂ ನಿಜವಾದ ಬೆಳಕು ಅದಕ್ಕಿಂತ ಎಷ್ಟೋ ಜೋರಾಗಿರತ್ತೆ. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚಿಕೊಳ್ಳಲ್ಲ. ಮುಚ್ಚಳ ಹಾಕಿದ ಪ್ಲೇಯರಿನಿಂದ ಯಾವ ಅಪಾಯವೂ ಇಲ್ಲ. ಬಿಚ್ಚಿದಾಗ ಮಾತ್ರ ಮಸೂರದ ನೇರಕ್ಕೆ ಬಗ್ಗಿ ನೋಡಬೇಡಿ. ಲೇಸರ್ ಹತ್ತಿದೆಯಾ ಅಂತ ತಿಳೀಬೇಕಾ? ಮೊಬೈಲ್ ಕ್ಯಾಮೆರಾ ಓರೆಯಾಗಿ ಹಿಡೀರಿ, ಎಷ್ಟೋ ಕ್ಯಾಮೆರಾಗಳಲ್ಲಿ ಬಿಳಿ-ನೇರಳೆ ಚುಕ್ಕಿಯಾಗಿ ಕಾಣತ್ತೆ.

ಹೊಂದಿಸೋ ಕ್ರಮ

ಕೆಲಸಕ್ಕೆ ಕೈ ಹಾಕೋ ಮುಂಚೆ ಬೋರ್ಡಿನ ಮೇಲಿರೋ ಪ್ರತಿ ಪ್ರಿಸೆಟ್‌ಗೂ ಮಾರ್ಕರಿನಿಂದ ಗೆರೆ ಎಳೆದು, ಫೋಟೊ ತೆಗೆದುಕೊಳ್ಳಿ. ವಾಪಸ್ ಬರೋಕೆ ದಾರಿ ಇರಬೇಕು. ಬೇಕಾಗೋ ಸಾಮಾನು: ಆಸಿಲೋಸ್ಕೋಪ್, ಸರ್ವಿಸ್ ಮ್ಯಾನ್ಯುಯಲ್, ಒಂದು ಒಳ್ಳೇ ಸಿ.ಡಿ. ಸೋನಿಯವರ ವೈಇಡಿಎಸ್-18 ಥರದ ಟೆಸ್ಟ್ ಡಿಸ್ಕ್ ಇದ್ದರೆ ಉತ್ತಮ. ಇಲ್ಲದಿದ್ದರೆ ಗೀರಿಲ್ಲದ, ಕಾರ್ಖಾನೆಯಲ್ಲಿ ಅಚ್ಚುಹಾಕಿದ ಸಿ.ಡಿ ಸಾಕು. ಮನೆಯಲ್ಲಿ ಬರೆದ ಸಿ.ಡಿ-ಆರ್ ಬೇಡ.

ಮೊದಲನೆಯದು ಫೋಕಸ್ ಬಯಾಸ್. ಸ್ಕೋಪಿನ ಪ್ರೋಬನ್ನ ಆರ್‌ಎಫ್ ಅಂತ ಬರೆದಿರೋ ಟೆಸ್ಟ್ ಪಾಯಿಂಟಿಗೆ ಸಿಕ್ಕಿಸಿ ಹಾಡು ಹಚ್ಚಿ. ಪರದೆಯ ಮೇಲೆ ಬರೋ ಚಿತ್ರಕ್ಕೆ ಐ ಪ್ಯಾಟರ್ನ್ ಅಂತಾರೆ, ಕಣ್ಣಿನ ಚಿತ್ರ ಅನ್ನೋ ಅರ್ಥದಲ್ಲಿ. ಆಗಲೇ ಹೇಳಿದ ಒಂಬತ್ತು ಅಳತೆಗಳು ಒಂದರ ಮೇಲೊಂದು ಬಿದ್ದು, ಗೋಡಂಬಿ ಬರ್ಫಿ ಆಕಾರದ ಖಾಲಿ ಜಾಗಗಳು ಸಾಲಾಗಿ ಕಾಣ್ತವೆ. ಆ ಖಾಲಿ ಜಾಗ ಎಷ್ಟು ಸ್ವಚ್ಛವೋ, ಒಂದು ಗುಳಿಯ ಉದ್ದವನ್ನ ಇನ್ನೊಂದರಿಂದ ಬೇರೆ ಮಾಡೋದು ಯಂತ್ರಕ್ಕೆ ಅಷ್ಟು ಸುಲಭ. ಫೋಕಸ್ ಬಯಾಸ್ ಪ್ರಿಸೆಟ್ ಕೂದಲೆಳೆಯಷ್ಟು ತಿರುಗಿಸ್ತಾ ಬರ್ಫಿಗಳ ಅಂಚು ಚೂಪಾಗಿ, ಎತ್ತರ ಹೆಚ್ಚಾಗಿರೋ ಜಾಗದಲ್ಲಿ ನಿಲ್ಲಿಸಿ. ಮೇಷ್ಟ್ರ ಪ್ಲೇಯರಿನಲ್ಲಿ ಹಳೇ ಲೇಸರಿಗೆ ಎತ್ತರ 0.6 ವೋಲ್ಟ್ ಬರ್ತಿತ್ತು. ಹೊಸದು ಹಾಕಿದ ಕೂಡಲೇ 1 ವೋಲ್ಟಿಗೆ ಬಂತು, ಆದರೆ ಬರ್ಫಿಗಳೆಲ್ಲ ಮಂಜು ಮಂಜು. ಬಯಾಸ್ ಹೊಂದಿಸಿದ ಮೇಲೆ 1.15 ವೋಲ್ಟ್, ಅಂಚುಗಳು ಸ್ಪಷ್ಟ. ಸೋನಿಯ ಹಲವು ಮ್ಯಾನ್ಯುಯಲ್‌ಗಳು ಕೇಳೋದು 1.2 ವೋಲ್ಟಿನ ಆಸುಪಾಸು. ಹಾಡು ಮಾತ್ರ ಹೊಂದಿಸೋ ಮುಂಚೆಯೂ ಬರ್ತಿತ್ತು ಅನ್ನೋದನ್ನ ಗಮನಿಸಿ. ಅಲ್ಲಿಗೇ ಮುಚ್ಚಳ ಹಾಕಿದ್ದರೆ ಗೀರು ಬಿದ್ದ ಮೊದಲ ಸಿ.ಡಿಗೇ ಎಗರೋಕೆ ಶುರುವಾಗ್ತಿತ್ತು.

ಎರಡನೆಯದು ಇ-ಎಫ್ ಬ್ಯಾಲೆನ್ಸ್. ಮ್ಯಾನ್ಯುಯಲ್ ಹೇಳಿದ ಹಾಗೆ ಟ್ರ್ಯಾಕಿಂಗ್ ಸರ್ವೊ ಆಫ್ ಮಾಡಬೇಕು. ಆಗ ಮಸೂರ ಸಾಲು ಹಿಡಿಯೋ ಪ್ರಯತ್ನ ಬಿಟ್ಟು ಸುಮ್ಮನೆ ನಿಲ್ಲತ್ತೆ, ಸಾಲುಗಳು ಅದರ ಕೆಳಗೆ ಅಡ್ಡಡ್ಡ ಹಾದು ಹೋಗ್ತವೆ. ಟಿಇ ಅನ್ನೋ ಪಾಯಿಂಟಿನಲ್ಲಿ ಅಲೆ ಅಲೆಯಾದ ಚಿತ್ರ ಬರತ್ತೆ. ಸೊನ್ನೆ ಗೆರೆಯ ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇರಬೇಕು. ಮೇಷ್ಟ್ರ ಪ್ಲೇಯರಿನಲ್ಲಿ ಮೇಲೆ 0.7, ಕೆಳಗೆ 0.4 ಇತ್ತು. ಎಡೆಕುಂಟೆ ಒಂದು ಕಡೆಯ ಪೈರಿಗೆ ಒರಗಿಕೊಂಡೇ ಹೋಗ್ತಿತ್ತು ಅಂತ ಅರ್ಥ. ಬ್ಯಾಲೆನ್ಸ್ ಪ್ರಿಸೆಟ್‌ನಿಂದ ಎರಡೂ ಕಡೆ 0.55ಕ್ಕೆ ತಂದೆ.

ಮೂರನೆಯದು ಗೇನ್, ಫೋಕಸ್ಸಿಗೆ ಒಂದು, ಟ್ರ್ಯಾಕಿಂಗಿಗೆ ಒಂದು. ತಪ್ಪು ಕಂಡಾಗ ಎಷ್ಟು ಜೋರಾಗಿ ತಿದ್ದಿಕೊಳ್ಳಬೇಕು ಅನ್ನೋದನ್ನ ಇವು ತೀರ್ಮಾನಿಸ್ತವೆ. ಕಮ್ಮಿಯಿದ್ದರೆ ಮೇಜು ತಟ್ಟಿದರೂ ಹಾಡು ಎಗರತ್ತೆ. ಜಾಸ್ತಿಯಿದ್ದರೆ ಮಸೂರ ಒಂದೇ ಸಮ ನಡುಗಿ ‘ಸ್ಸ್’ ಅಂತ ಸದ್ದು ಬರತ್ತೆ, ಸಣ್ಣ ಗೀರಿಗೂ ಗಾಬರಿ ಬೀಳತ್ತೆ. ಮ್ಯಾನ್ಯುಯಲ್ಲಿನ ಚಿತ್ರದ ಜೊತೆ ಹೋಲಿಸಿ ನಡುವೆ ನಿಲ್ಲಿಸಬೇಕು.

ಎಂಬತ್ತರ ದಶಕದ ಕೆಲವು ಪ್ಲೇಯರ್‌ಗಳಲ್ಲಿ ಗ್ರೇಟಿಂಗನ್ನೇ ತಿರುಗಿಸೋ ವ್ಯವಸ್ಥೆ ಇದೆ. ಪಕ್ಕದ ಎರಡು ಕಿರಣ ಸರಿಯಾದ ಸಾಲಿನ ಅಂಚಿಗೆ ಬರಬೇಕಾದರೆ ಆ ಕೋನ ಸರಿಯಿರಬೇಕು. ಅದು ತುಂಬಾ ನಾಜೂಕಿನ ಕೆಲಸ, ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದೆ ಬೇಡ. ತಟ್ಟೆ ತಿರುಗಿಸೋ ಮೋಟಾರೂ ಬದಲಾಗಿದ್ದರೆ ತಟ್ಟೆ ಕೂರೋ ಎತ್ತರವನ್ನ ಎಲ್ಲಕ್ಕಿಂತ ಮೊದಲು ಸರಿಮಾಡಬೇಕು. ಅದು ತಪ್ಪಿದ್ದರೆ ಮುಂದಿನದೆಲ್ಲ ವ್ಯರ್ಥ.

ಎಲ್ಲಾ ಮುಗಿದ ಮೇಲೆ ಮತ್ತೆ ಮೊದಲಿಗೆ ಬನ್ನಿ. ಗೇನ್ ಬದಲಾದರೆ ಫೋಕಸ್ ಚೂರು ಸರಿದಿರತ್ತೆ, ಫೋಕಸ್ ಸರಿದರೆ ಬ್ಯಾಲೆನ್ಸ್ ಸರಿದಿರತ್ತೆ. ತಂಬೂರಿಯ ಒಂದು ತಂತಿ ಬಿಗಿ ಮಾಡಿದರೆ ಇನ್ನೊಂದು ಇಳಿಯೋ ಹಾಗೆ. ಎರಡನೇ ಸುತ್ತಿನಲ್ಲಿ ಏನನ್ನೂ ತಿರುಗಿಸೋ ಅಗತ್ಯ ಬರದಿದ್ದರೆ ಕೆಲಸ ಮುಗೀತು.

ಪರೀಕ್ಷೆ

ಒಂದು ಹಾಡು ಬಂತು ಅಂದಾಕ್ಷಣ ಪಾಸು ಮಾಡಬೇಡಿ. ಮೊದಲ ಹಾಡು ಹಾಕಿ, ತಟ್ಟೆ ಅತೀ ವೇಗವಾಗಿ ತಿರುಗೋದು ಅಲ್ಲಿ. 70 ನಿಮಿಷ ದಾಟಿದ ಸಿ.ಡಿಯ ಕೊನೇ ಹಾಡು ಹಾಕಿ, ತಟ್ಟೆ ಹೆಚ್ಚು ತೂಗಾಡೋದು ಅಂಚಿನಲ್ಲಿ. ಗೀರು ಬಿದ್ದದ್ದು ಹಾಕಿ. ಕೊನೆಗೆ ಸಿ.ಡಿ-ಆರ್ ಹಾಕಿ, ಯಾಕಂದ್ರೆ ಅದು ಬೆಳಕನ್ನ ವಾಪಸ್ ಕಳಿಸೋದು ಅಚ್ಚುಹಾಕಿದ ಸಿ.ಡಿಗಿಂತ ಕಮ್ಮಿ. ಮೇಷ್ಟ್ರ ಸಂಗ್ರಹದಲ್ಲಿದ್ದವು ಬಹುಪಾಲು ಶಿಷ್ಯರು ಬರೆದುಕೊಟ್ಟ ಸಿ.ಡಿ-ಆರ್‌ಗಳೇ. ಹಾಗಾಗಿ ನನ್ನ ನಿಜವಾದ ಪರೀಕ್ಷೆ ಅದೇ ಆಗಿತ್ತು. ಹೊಸ ಪಿಕಪ್‌ನ ಚೀಟಿ 497, ಅಳೆದಾಗ ಬಂದದ್ದು 50 ಮಿಲಿಆಂಪಿಯರ್. ಅಂಕಿ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದೆ, ಮುಂದೆ ಯಾರು ಬಿಚ್ಚಿದರೂ ಗೊತ್ತಾಗಲಿ ಅಂತ. ಮೇಷ್ಟ್ರು ಪ್ಲೇಯರಿನ ಮುಂದೆ ಕೂತು ಎಂಟು ಸಲ ಗುಂಡಿ ಒತ್ತಿದರು, ಕೇಳಿದರು, ಏನೂ ಹೇಳಲಿಲ್ಲ. ಅದರಲ್ಲಿ ಹಿಂದೆ ತಂಬೂರಿ ಹಾಕಿದ್ದವರು ಯಾರು ಅಂತ ಮೊಮ್ಮಗಳಿಗೆ ಹೇಳೋಕೆ ಶುರು ಮಾಡಿದರು.

ಸ್ಕೋಪ್ ಇಲ್ಲದವರಿಗೆ

ತೊಂಬತ್ತರ ದಶಕದ ಮಧ್ಯದಿಂದ ಈಚೆಗೆ ಬಂದ ಪ್ಲೇಯರ್‌ಗಳಲ್ಲಿ ಬಹಳಷ್ಟಕ್ಕೆ ಈ ಪ್ರಿಸೆಟ್‌ಗಳೇ ಇಲ್ಲ. ಸಿ.ಡಿ ಹಾಕಿದಾಗಲೆಲ್ಲ ಒಳಗಿನ ಚಿಪ್ ತಾನೇ ಅಳೆದು ಹೊಂದಿಸಿಕೊಳ್ಳತ್ತೆ. ನಿಮ್ಮದು ಅಂಥದ್ದಾದರೆ ಪಿಕಪ್ ಹುಷಾರಾಗಿ ಹಾಕಿದರೆ ಸಾಕು. ಆಮೇಲೂ ಎಗರಿದರೆ ಮೋಟಾರು, ಕಂಬಿ, ಕೇಬಲ್ ಕಡೆ ನೋಡಿ. ಪ್ರಿಸೆಟ್ ಇರೋ ಪ್ಲೇಯರಿನಲ್ಲಿ ಸ್ಕೋಪ್ ಇಲ್ಲದೆ ಕಿವಿಯ ಮೇಲೆ ನಂಬಿಕೆ ಇಟ್ಟು ತಿರುಗಿಸೋದನ್ನ ನಾನು ಒಪ್ಪಲ್ಲ. ಸಣ್ಣ ಪುಟ್ಟ ತಪ್ಪುಗಳನ್ನ ತಿದ್ದಿಕೊಳ್ಳೋ ಶಕ್ತಿ ಸಿ.ಡಿಗೆ ಹುಟ್ಟಿನಿಂದಲೇ ಇದೆ. ಹಾಗಾಗಿ ಹೊಂದಾಣಿಕೆ ಅರ್ಧ ಕೆಟ್ಟಿದ್ದರೂ ಕಿವಿಗೆ ಹಾಡು ಪೂರ್ತಿ ಚೆನ್ನಾಗೇ ಕೇಳತ್ತೆ. ಕಿವಿಗೆ ಗೊತ್ತಾಗೋ ಹೊತ್ತಿಗೆ ಅಂಚಿಗೆ ಬಂದು ನಿಂತಿರತ್ತೆ.

ಅಂಗಡಿಗೆ ಕೊಡೋದಾದರೆ ಮೂರು ಪ್ರಶ್ನೆ ಕೇಳಿ. ಹಳೇ ಲೇಸರಿನ ಕರೆಂಟು ಎಷ್ಟು ಬಂತು? ಹೊಸದನ್ನ ಸ್ಕೋಪ್ ಇಟ್ಟು ಹೊಂದಿಸ್ತೀರಾ? ಪಿಕಪ್‌ನ ಮೇಲಿನ ಪ್ರಿಸೆಟ್ ಮುಟ್ಟೋದಿಲ್ಲ ತಾನೆ? ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟವರ ಕೈಗೆ ಧೈರ್ಯವಾಗಿ ಕೊಡಿ, ಅವರು ಕೇಳಿದ ಕೂಲಿಯನ್ನೂ ಕೊಡಿ. ಪಾರ್ಟಿನ ಬೆಲೆಗಿಂತ ಕೂಲಿ ಜಾಸ್ತಿ ಆಯ್ತು ಅಂತ ಕೊರಗಬೇಡಿ, ನೀವು ದುಡ್ಡು ಕೊಡ್ತಿರೋದು ಆ ದಿನದ ತಾಳ್ಮೆಗೆ. ಇನ್ನೊಂದು ಮಾತು: ನಿಮ್ಮ ಹತ್ತಿರ ಒಂದೇ ಪ್ರತಿ ಇರೋ ಸಿ.ಡಿ-ಆರ್ ಇದ್ದರೆ ಪ್ಲೇಯರ್ ರಿಪೇರಿ ಆಗೋ ತನಕ ಕಾಯಬೇಡಿ. ಇವತ್ತೇ ಕಂಪ್ಯೂಟರಿನ ಡ್ರೈವಿನಲ್ಲಿ ನಕಲು ಮಾಡಿಟ್ಟುಕೊಳ್ಳಿ. ಲೇಸರ್ ಬದಲಾಯಿಸಬಹುದು, ಮಾಸಿಹೋದ ಡಿಸ್ಕನ್ನ ಬದಲಾಯಿಸೋಕೆ ಆಗಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಪ್ಲೇಯರಿನ ಕಥೆ ಏನಾದರೂ ಇದ್ದರೆ ಬರೆದು ತಿಳಿಸಿ.